ಎಮ್ಮೆಯ ಮುಂದೆ ಹಾರ್ಮೋನಿಯಂ

‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ’ ಅಂತ ನಮ್ಮಮ್ಮ ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಒಂದು ಸಲ ಅಪ್ಪನಿಗೆ, ಒಂದು ಸಲ ನನಗೆ. ಈ ಮೇ ತಿಂಗಳಲ್ಲಿ ನಾನು ಅದೇ ಕೆಲಸವನ್ನು 19 ದಿನ, ಸಂಜೆ ಮೂರು ಮೂರು ಗಂಟೆ, ಒಂದು ರೂಪಾಯಿ ಸಂಬಳವಿಲ್ಲದೆ ಮಾಡಿದೆ. ಕೋಣ ಅಲ್ಲ, ಎಮ್ಮೆ. ಕಿನ್ನರಿ ಅಲ್ಲ, ನಮ್ಮ ಸೋದರಮಾವನ ಹಾರ್ಮೋನಿಯಂ.

ನಾನು ಕೆಲಸ ಮಾಡೋದು ಬಸವನಗುಡಿಯ ಒಂದು ಬ್ಯಾಂಕಿನಲ್ಲಿ. ಹನುಮಂತನಗರದ ಒಂದು ಪುಟ್ಟ ಹವ್ಯಾಸಿ ತಂಡ ಪ್ರತಿ ಬೇಸಿಗೆಯಲ್ಲೂ ಮಕ್ಕಳ ಶಿಬಿರ ನಡೆಸುತ್ತೆ, ಕೊನೆಗೊಂದು ನಾಟಕ ಆಡಿಸುತ್ತೆ. ಅದರ ಹಾಡು, ಹಾರ್ಮೋನಿಯಂ ನನ್ನ ಪಾಲಿಗೆ ಬಂದು ಆರೇಳು ವರ್ಷ ಆಯಿತು. ಮಕ್ಕಳ ಬಾಯಲ್ಲಿ ನಾನು ‘ಹಾರ್ಮೋನಿಯಂ ಆಂಟಿ’. ನಿರ್ದೇಶಕರನ್ನು ಎಲ್ಲರೂ ಮೇಷ್ಟ್ರು ಅಂತೀವಿ. ಉಡುಪಿ ಕಡೆಯವರು, ರಿಟೈರಾಗಿ ಹತ್ತು ವರ್ಷ ಆಗಿದೆ, ಕೋಪ ಮಾತ್ರ ಇನ್ನೂ ಸರ್ವಿಸಿನಲ್ಲಿದೆ.

ಪ್ರತಿ ವರ್ಷ ಮೇಷ್ಟ್ರು ಕೈಯಲ್ಲಿ ನಾಟಕದ ಜೆರಾಕ್ಸ್ ಹಿಡಿದು ಬರೋರು. ಈ ಸಲ ತಂದಿದ್ದು ಒಂದು ಚಿತ್ರದ ಪುಸ್ತಕ. 16 ಪುಟ. ಮೊದಲ ದಿನವೇ ಪದಗಳನ್ನು ಎಣಿಸಿಬಿಟ್ಟೆ, ಬ್ಯಾಂಕಿನ ಚಾಳಿ. ಒಟ್ಟು 173.

“ಮೇಷ್ಟ್ರೇ, ನಮ್ಮ ಠೇವಣಿ ಫಾರಂನಲ್ಲೇ ಇದಕ್ಕಿಂತ ಜಾಸ್ತಿ ಇರುತ್ತೆ” ಅಂದೆ.

“ಅದಕ್ಕೇ ತಂದದ್ದು ಮಾರಾಯ್ರೆ” ಅಂದರು.

ಕಥೆ ಇಷ್ಟೇ. ಬೆಳಗಿನ ಹೊತ್ತು ಒಂದು ಎಮ್ಮೆ ಬಂದು ಸರ್ಕಲ್ಲಿನ ನಟ್ಟನಡುವೆ ಕೂತುಬಿಡುತ್ತೆ. ಆಟೋ ನಿಲ್ಲುತ್ತೆ. ಆಟೋ ಹಿಂದೆ ಸ್ಕೂಲ್ ವ್ಯಾನು, ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಮದುವೆಗೆ ಹೊರಟ ಬ್ಯಾಂಡ್‌ಸೆಟ್ಟು, ಕೊನೆಗೆ ತಳ್ಳುಗಾಡಿಯ ಸೊಪ್ಪಿನಜ್ಜಿ. ಒಬ್ಬೊಬ್ಬರದು ಒಂದೊಂದು ಉಪಾಯ. ಪೊಲೀಸು ಬಂದು ಎಮ್ಮೆಗೆ ಫೈನ್ ಹಾಕುತ್ತಾನೆ. ಎಮ್ಮೆ ಜಪ್ಪಯ್ಯ ಅನ್ನೋದಿಲ್ಲ. 12 ಮತ್ತು 13ನೇ ಪುಟ ಸೇರಿ ಒಂದೇ ಚಿತ್ರ: ಎಮ್ಮೆಯ ಕಣ್ಣು. ಎರಡೂ ಪುಟದ ತುಂಬ ಕರ‍್ರಗೆ, ಒದ್ದೆಯಾಗಿ ಹೊಳೆಯೋ ಒಂದೇ ಒಂದು ಕಣ್ಣು. ಆ ಕಣ್ಣಿನೊಳಗೆ ಪುಟಾಣಿಯಾಗಿ ಇಡೀ ರಸ್ತೆ, ಆಟೋ, ಬಸ್ಸು, ಅಜ್ಜಿ, ಎಲ್ಲ. ಒಂದಕ್ಷರವೂ ಇಲ್ಲ. ಪುಟ ತಿರುವಿದರೆ ಎಮ್ಮೆ ಎದ್ದು ಹೊರಟಿದೆ. ಯಾಕೆ ಎದ್ದಿತು ಅಂತ ಪುಸ್ತಕ ಹೇಳೋದೇ ಇಲ್ಲ.

ಮೂರು ವಾರ ನನ್ನ ತಲೆ ತಿಂದಿದ್ದು ಆ ಎರಡು ಪುಟ.

ನಮ್ಮ ತಂಡದ ಹುಡುಗರು ಪೋಸ್ಟರಿನಲ್ಲಿ ‘ಮಕ್ಕಳ ಮ್ಯೂಸಿಕಲ್’ ಅಂತ ಹಾಕಿದರು. ನನಗೆ ನಗು. ಕನ್ನಡದಲ್ಲಿ ಹಾಡಿಲ್ಲದ ಮಕ್ಕಳ ನಾಟಕ ಯಾವುದಿದೆ ಹೇಳಿ? ಮಕ್ಕಳ ನಾಟಕ ಇರಲಿ, ದೊಡ್ಡವರ ಕಂಪನಿ ನಾಟಕಕ್ಕೂ ಮೊದಲು ಬೇಕಾಗಿದ್ದು ಹಾಡು, ಆಮೇಲೆ ಮಾತು. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದು ಗುಬ್ಬಿ ಕಂಪನಿಯನ್ನೇ. ಮುಂದೆ ಅವರು, ಪ್ರೇಮಾ ಕಾರಂತರು ಇದೇ ಬೆಂಗಳೂರಿನಲ್ಲಿ ಮಕ್ಕಳಿಗೆ ನಾಟಕ ಆಡಿಸಿದಾಗ ಹಾಡು ಅನ್ನೋದು ಮಧ್ಯೆ ಮಧ್ಯೆ ಸಿಕ್ಕಿಸಿದ ಅಲಂಕಾರ ಆಗಿರಲಿಲ್ಲ, ಹಾಡಿನ ಮೇಲೇ ನಾಟಕ ನಡೀತಿತ್ತು. ವಾದ್ಯ ಅಲ್ಲದ ವಸ್ತುಗಳಿಂದಲೂ ನಾದ ಹೊರಡಿಸೋ ಹುಚ್ಚು ಕಾರಂತರದು. ಅದರ ಎಂಜಲು ಇವತ್ತಿಗೂ ನಮ್ಮಂಥ ಚಿಲ್ಲರೆ ತಂಡಗಳಿಗೆಲ್ಲ ಅಂಟಿದೆ. ನಮ್ಮ ಮೇಳದಲ್ಲೂ ಒಂದು ತಮಟೆ, ಒಂದು ಖಂಜಿರದ ಜೊತೆಗೆ ಮೂರು ಸ್ಟೀಲ್ ತಟ್ಟೆ, ಒಂದು ಹಳೇ ಆಟೋ ಹಾರನ್ನು ಇತ್ತು. ರಬ್ಬರ್ ಉಂಡೆ ಹಿಚುಕಿದರೆ ‘ಪೋಂಯ್’ ಅನ್ನೋದು.

ಪುಸ್ತಕ ನೋಡಿ ರಂಗಕ್ಕೆ ತರೋದೂ ಹೊಸದೇನಲ್ಲ. ಕುವೆಂಪು 1842ರ ಬ್ರೌನಿಂಗ್ ಪದ್ಯ ಓದಿ, ಅದರ ಹ್ಯಾಮೆಲಿನ್ ಊರನ್ನು ಎತ್ತಿ ತಂದು ತುಂಗೆಯ ದಡದಲ್ಲಿಟ್ಟು ಬೊಮ್ಮನಹಳ್ಳಿಯ ಕಿಂದರಿಜೋಗಿ ಮಾಡಿದರು. ಅದನ್ನು ಆಡದ ಕನ್ನಡ ಶಾಲೆ ಕಡಿಮೆ. (ನಮ್ಮ ಶಿಬಿರದ ಮಕ್ಕಳಿಗೆ ಬೊಮ್ಮನಹಳ್ಳಿ ಅಂದರೆ ಸಿಲ್ಕ್ ಬೋರ್ಡ್ ಆಚೆಯ ಬೊಮ್ಮನಹಳ್ಳಿ. “ಅಲ್ಲಿ ಟ್ರಾಫಿಕ್ಕಲ್ಲಿ ಇಲಿ ಹೆಂಗೆ ಓಡುತ್ತೆ ಆಂಟಿ?” ಅಂತ ಒಬ್ಬ ಕೇಳಿದ್ದ.) ಆದರೆ ಕುವೆಂಪು ಕೈಗೆ ಸಿಕ್ಕಿದ್ದು ಪದ್ಯ, ನಮ್ಮ ಕೈಗೆ ಸಿಕ್ಕಿದ್ದು ಚಿತ್ರ. ಪದ್ಯದಲ್ಲಿ ಹಾಡು ಮೊದಲೇ ಇರುತ್ತೆ. ಚಿತ್ರದಲ್ಲಿ ಎಮ್ಮೆ ಇರುತ್ತೆ, ಅಷ್ಟೆ.

ಹಾಡು ಕಟ್ಟೋದಕ್ಕೆ ಕೂತೆ. ಎರಡು ನಡೆ ಇಟ್ಟುಕೊಂಡೆ. ರಸ್ತೆಯಲ್ಲಿ ನಿಂತವರಿಗೆಲ್ಲ ನಾಲ್ಕು ಮಾತ್ರೆ: ‘ಪೊಂಪೊಂ ಪೊಂಪೊಂ ಜಾಗಾ ಬಿಡಿ’. ಎಮ್ಮೆಗೆ ಐದು ಮಾತ್ರೆ, ತಕ ತಕಿಟ: ‘ಕಪ್ಪೆಮ್ಮೆ ಕೂತೈತೆ ರಸ್ತೇಲಿ ನೋಡು’. ನಾಲ್ಕರ ಎದುರು ಐದು ಬಂದರೆ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೆ, ಟ್ರಾಫಿಕ್ ಜಾಮಿಗೆ ಅದಕ್ಕಿಂತ ಒಳ್ಳೆ ತಾಳ ಇಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮಕ್ಕಳಿಗೆ ಐದು ಮಾತ್ರೆ ಕಷ್ಟ ಅಂದುಕೊಂಡಿದ್ದೆ. ಹಾಗೇನೂ ಇಲ್ಲ, ‘ಕಪ್ಪೆಮ್ಮೆ ಕಪ್ಪೆಮ್ಮೆ’ ಅಂದುಕೊಂಡು ನಡೆಯಿರಿ ಅಂದೆ, ಅರ್ಧ ಗಂಟೆಯಲ್ಲಿ 22 ಮಕ್ಕಳೂ ಎಮ್ಮೆಗಳಾದವು. ಕಷ್ಟ ಆಗಿದ್ದು ಕೂಡಿಸಿ ಬಾರಿಸೋ ನನಗೆ.

ಶ್ರುತಿಯಲ್ಲೂ ಎಡವಿದೆ. ನನ್ನ ಗಂಟಲಿಗೆ ಒಗ್ಗೋ ಶ್ರುತಿಯಲ್ಲಿ ಹಾಡು ಕೂರಿಸಿದ್ದೆ. ಮಕ್ಕಳ ದನಿ ನೆಲ ಕೆರೆಯೋದು. ಮೂರನೇ ದಿನ ಎಲ್ಲವನ್ನೂ ಮೇಲೆ ಏರಿಸಿದೆ, ರಾಗವನ್ನು ಮೋಹನಕ್ಕೆ ಇಳಿಸಿದೆ. ಐದೇ ಸ್ವರ, ಎಲ್ಲಿಂದ ಜಾರಿದರೂ ಇನ್ನೊಂದರ ಮೇಲೆ ಬೀಳಬಹುದು. ಆ ಹೊತ್ತಿಗೆ ಸರಿಯಾಗಿ ಹಾರ್ಮೋನಿಯಂನ ಮೇಲಿನ ಷಡ್ಜದ ರೀಡು ಕೈಕೊಟ್ಟಿತು. ಶನಿವಾರ ಮಧ್ಯಾಹ್ನ ಅದನ್ನು ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಆಟೋದಲ್ಲಿ ಬಳೇಪೇಟೆಗೆ ಹೋದೆ. ರಿಪೇರಿಯವರು ತಿದಿ ಒತ್ತಿ ನೋಡಿ, “ಯಾರದಮ್ಮಾ ಇದು, ಕಂಪನೀಲಿ ಇದ್ದಿದ್ದಾ?” ಅಂದರು. ಹೌದು. ನಮ್ಮ ಸೋದರಮಾವ ಕಂಪನಿ ನಾಟಕಗಳಿಗೆ ಬಾರಿಸಿದವರು. ಸೀನು ಬದಲಾಗುವಾಗ, ಪಾತ್ರಧಾರಿಗೆ ಮಾತು ಮರೆತಾಗ, ದೀಪ ಹೋದಾಗ, ಎಲ್ಲಕ್ಕೂ ಹಾರ್ಮೋನಿಯಂ. ‘ಸ್ಟೇಜು ಖಾಲಿ ಬಿಟ್ಟರೂ ಬಿಡು, ಕಿವಿ ಖಾಲಿ ಬಿಡಬೇಡ’ ಅಂತ ನನಗೆ ಪಾಠ ಹೇಳಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಜಗಳ ಇಲ್ಲಿಂದಲೇ ಶುರುವಾಗೋದು.

ಎಮ್ಮೆ ಮಾಡಿದ್ದು ನಮ್ಮ ತಂಡದ ಮೂವರು ಹುಡುಗರು. ಬೆತ್ತದ ಬಳೆಗಳು, ಅದರ ಮೇಲೆ ಚಿಕ್ಕಪೇಟೆಯಿಂದ ತಂದ ಕಪ್ಪು ಬಟ್ಟೆ. ಹಳೇ ಪೇಪರನ್ನು ಮೈದಾ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಮೆತ್ತಿ ಕೊಂಬು. ಒಳಗೆ ಇಬ್ಬರು ಮಕ್ಕಳು, ಒಬ್ಬ ಮುಂಗಾಲು, ಒಬ್ಬ ಹಿಂಗಾಲು. ಎರಡನೇ ದಿನದಿಂದ ಇವರಿಗೆ ಇವೇ ಹೆಸರು. “ಹಿಂಗಾಲು ಇನ್ನೂ ಬಂದಿಲ್ವಾ?” “ಸರ್, ಮುಂಗಾಲಿಗೆ ಜ್ವರ.”

ಹಿಂಗಾಲಿನ ತಾಯಿ ನನ್ನನ್ನು ಗೇಟಿನ ಹತ್ತಿರ ಹಿಡಿದರು.

“ಮೇಡಂ, ನಮ್ಮ ಮಗು ಮುಖವೇ ಕಾಣಲ್ವಂತೆ?”

“ಎಮ್ಮೆಯ ಒಳಗೆ ಇರ್ತಾನಲ್ಲಾ...”

“ಮುಂಗಾಲಿನ ಹುಡುಗನಾದ್ರೂ ತಲೆ ಅಲ್ಲಾಡಿಸ್ತಾನೆ. ಇವನು ಬಗ್ಗಿಕೊಂಡೇ ಇರಬೇಕು. ಊರಿಂದ ಅತ್ತೆ, ಮಾವ, ನಾದಿನಿ ಎಲ್ಲಾ ಬರ್ತಾರೆ. ಯಾವುದು ನಿಮ್ಮ ಮಗ ಅಂದ್ರೆ ಏನು ತೋರಿಸಲಿ?”

ನಾನು ಅವರನ್ನು ಮೇಷ್ಟ್ರ ಕಡೆ ಸಾಗಹಾಕಿದೆ. ಮೇಷ್ಟ್ರು ಬಹಳ ಗಂಭೀರವಾಗಿ, “ಹಿಂಗಾಲು ಇಲ್ಲದೆ ಎಮ್ಮೆ ಕೂತುಕೊಳ್ಳುವುದು ಹೇಗೆ ಅಮ್ಮಾ?” ಅಂದರು. ಆಕೆ ಸುಮ್ಮನಾದರು, ಒಪ್ಪಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ‘ಪಾತ್ರ ಹಂಚಿಕೆ’ ಬಗ್ಗೆ ಸಣ್ಣದಾಗಿ ಹೊಗೆ ಆಡಿತು. ತಪ್ಪು ಅಂತ ನಾನೂ ಹೇಳಲ್ಲ. ದುಡ್ಡು ಕೊಟ್ಟು ಶಿಬಿರಕ್ಕೆ ಸೇರಿಸಿರುತ್ತಾರೆ, ಮಗುವಿನ ಮುಖ ನೋಡೋ ಆಸೆ ಇರುತ್ತೆ.

ಇನ್ನೊಂದು ಸಮಸ್ಯೆ ಗೊತ್ತಾಗಿದ್ದು ಆರನೇ ದಿನ. ಮಕ್ಕಳಲ್ಲಿ ಅರ್ಧಕ್ಕರ್ಧ ಎಮ್ಮೆಯನ್ನು ಹತ್ತಿರದಿಂದ ನೋಡೇ ಇಲ್ಲ. ನೋಡೋದು ಎಲ್ಲಿ? ಬಸವನಗುಡಿಯಲ್ಲಿ ಬಸವನಿಗೆ ಗುಡಿ ಇದೆ, ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಯೂ ಇದೆ. ಎಮ್ಮೆಗೆ ಯಾರೂ ಏನೂ ಕಟ್ಟಿಸಿಲ್ಲ. ಹಾಲು ಮಾತ್ರ ಗಟ್ಟಿ ಬೇಕು. ಕೊನೆಗೆ ಗುಟ್ಟಹಳ್ಳಿ ಕಡೆ ಒಬ್ಬರು ಎರಡು ಎಮ್ಮೆ ಸಾಕಿದ್ದಾರೆ ಅಂತ ಗೊತ್ತಾಗಿ, ಒಂದು ಬೆಳಗ್ಗೆ ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋದರು. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ನಾನೂ ಹೋದೆ.

ಎಮ್ಮೆ ಮಲಗಿತ್ತು. ಮೆಲುಕು ಹಾಕ್ತಾ ಇತ್ತು. ಇಪ್ಪತ್ತು ನಿಮಿಷ 22 ಮಕ್ಕಳು ಅದನ್ನೇ ನೋಡಿದರು, ಅದು ನಮ್ಮನ್ನು ಯಾರನ್ನೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಮೇಲೆ, ಯಾವ ಕಾರಣವೂ ಇಲ್ಲದೆ, ಎದ್ದಿತು. ಮೊದಲು ಹಿಂಭಾಗ ಮೇಲೆ ಬಂತು, ಮುಂದಿನ ಮಂಡಿ ಇನ್ನೂ ನೆಲದ ಮೇಲೇ ಊರಿತ್ತು. ಒಂದು ಕ್ಷಣ ನಮಸ್ಕಾರ ಮಾಡೋರ ಹಾಗೆ ನಿಂತು, ಆಮೇಲೆ ಮುಂಗಾಲು ಒಂದೊಂದಾಗಿ ಎತ್ತಿತು. ಹಸು, ಎಮ್ಮೆ ಏಳೋದೇ ಹಾಗೆ, ಹಿಂಗಾಲು ಮೊದಲು. ಮಲಗುವಾಗ ತಿರುಗುಮುರುಗು, ಮುಂದಿನ ಮಂಡಿ ಮೊದಲು ಮಡಚುತ್ತೆ. ಹಳ್ಳಿಯಲ್ಲಿ ಹುಟ್ಟಿದ ನಾನು ಇದನ್ನು ಸಾವಿರ ಸಲ ನೋಡಿದ್ದೇನೆ, ಗಮನಿಸಿದ್ದು ಅವತ್ತೇ. ತಾಲೀಮಿನಲ್ಲಿ ನಾವು ಅಷ್ಟು ದಿನ ಮುಂಗಾಲನ್ನೇ ಮೊದಲು ಏಳಿಸ್ತಾ ಇದ್ದೆವು, ಕುದುರೆಯ ಹಾಗೆ.

ಹಿಂಗಾಲಿನ ಹುಡುಗ ಮೇಷ್ಟ್ರ ಅಂಗಿ ಜಗ್ಗಿ, “ಸರ್, ನಾನು ಫಸ್ಟು!” ಅಂದ.

ಪುಟ ತಿರುವೋದನ್ನು ರಂಗದ ಮೇಲೆ ಹೇಗೆ ತರೋದು ಅನ್ನೋದಕ್ಕೆ ಮೇಷ್ಟ್ರ ಹತ್ತಿರ ಉತ್ತರ ಮೊದಲೇ ಇತ್ತು: ಯಕ್ಷಗಾನದ ತೆರೆ. ಇಬ್ಬರು ಮಕ್ಕಳು ಎರಡು ತುದಿ ಹಿಡಿದು ನಿಲ್ಲೋ ಒಂದು ಅಗಲದ ಬಟ್ಟೆ. ಚಿತ್ರದ ಪುಸ್ತಕದಲ್ಲಿ ಮಜಾ ಇರೋದು ಪುಟ ತಿರುವೋ ಆ ಅರೆಗಳಿಗೆಯಲ್ಲಿ, ಆಚೆ ಏನಿದೆಯೋ ಅನ್ನೋದರಲ್ಲಿ. ವೇಷ ಮೊದಲ ಸಲ ರಂಗಕ್ಕೆ ಬರೋ ಒಡ್ಡೋಲಗದಲ್ಲೂ ಅದೇ ತಾನೆ, ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತೆ, ಕೆಳಗೆ ಗೆಜ್ಜೆ ಕೇಳುತ್ತೆ, ವೇಷ ಮಾತ್ರ ಕಾಣಲ್ಲ. ಕಾರ್ನಾಡರು ಹಯವದನದಲ್ಲಿ ಈ ತೆರೆಯನ್ನು ಬಳಸಿದ್ದು ನಾಟಕ ಓದಿದವರಿಗೆಲ್ಲ ಗೊತ್ತು. ನಮ್ಮ ತೆರೆಯ ಮೇಲೆ ಎರಡು ಪೇಪರ್ ಕೊಂಬು ಕಂಡಾಗ ಮಕ್ಕಳು ಕಿರುಚುತ್ತಿದ್ದ ರೀತಿಗೆ ಅಕ್ಕಪಕ್ಕದ ಮನೆಯವರು ಎರಡು ಸಲ ದೂರು ಹೇಳಿದರು.

ಇನ್ನು ಕಣ್ಣಿನ ಪುಟ. ನಾನು ಅದಕ್ಕೆ ಒಂದು ಹಾಡು ಬರೆದಿದ್ದೆ. ಒಂಬತ್ತು ಹಾಡುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಅದೇ. ಎಮ್ಮೆ ಯಾಕೆ ಕೂತಿತು, ಯಾಕೆ ಎದ್ದಿತು ಅಂತ ಅದರ ಬಾಯಲ್ಲೇ ಹೇಳಿಸಿದ್ದೆ: ಇಲ್ಲಿ ಮೊದಲು ಕೆರೆ ಇತ್ತು, ನಾನು ಇಲ್ಲೇ ಈಜುತ್ತಿದ್ದೆ, ಅದನ್ನೇ ಹುಡುಕಿಕೊಂಡು ಬಂದೆ ಅಂತ. ಬೆಂಗಳೂರಿನಲ್ಲಿ ಈ ಮಾತು ಸುಳ್ಳಲ್ಲ. ಈಗಿನ ಕಂಠೀರವ ಕ್ರೀಡಾಂಗಣ ಇರೋದು ಸಂಪಂಗಿ ಕೆರೆಯ ಜಾಗದಲ್ಲಿ, ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಹಾಡನ್ನು ಶಿವರಂಜಿನಿ ರಾಗದಲ್ಲಿ ಕೂರಿಸಿದ್ದೆ. ಮಕ್ಕಳು ಹಾಡುವಾಗ ನನಗೇ ಗಂಟಲು ಕಟ್ಟುತ್ತಿತ್ತು.

ಹತ್ತು ದಿನ ಹಾಡಿಸಿದ ಮೇಲೆ ಮೇಷ್ಟ್ರು, “ಇದು ಬೇಡ” ಅಂದರು.

“ಯಾಕೆ?”

“ಪುಸ್ತಕದಲ್ಲಿ ಇಲ್ಲ.”

“ಪೊಂಪೊಂ ಪೊಂಪೊಂ ಕೂಡ ಪುಸ್ತಕದಲ್ಲಿ ಇಲ್ಲ ಮೇಷ್ಟ್ರೇ.”

“ಅದು ರಸ್ತೆಯ ಮಾತು. ಇದು ನಿಮ್ಮ ಮಾತು. ಎಮ್ಮೆಯನ್ನು ಯಾಕೆ ಸಾಕ್ಷಿ ಹೇಳಲಿಕ್ಕೆ ಕರೆಯುತ್ತೀರಿ?”

ನಲವತ್ತು ಸೆಕೆಂಡು ಮೌನ ಇರಬೇಕು ಅಂದರು. ಹಾಡಿಲ್ಲ, ತಾಳ ಇಲ್ಲ, ಶ್ರುತಿಯೂ ಇಲ್ಲ. ರಂಗದ ಲೈಟೆಲ್ಲ ಆರಿಸಿ, ಎಮ್ಮೆಯ ಮೇಲೆ ಮಾತ್ರ ಒಂದು ಸ್ಪಾಟು. ನಲವತ್ತು ಸೆಕೆಂಡು ಅಂದರೆ ಎಷ್ಟು ಉದ್ದ ಅಂತ ಬೇಕಾದರೆ ಈಗಲೇ ಎಣಿಸಿ ನೋಡಿ. ಮಕ್ಕಳ ನಾಟಕ, ಎದುರಿಗೆ ಕೂತಿರೋರೂ ಮಕ್ಕಳು. ‘ಕಿವಿ ಖಾಲಿ ಬಿಡಬೇಡ’ ಅಂದ ಮಾವ ತಲೆಯಲ್ಲಿ ಕೂತು ಬೈತಾ ಇದ್ದರು. ನಾನು ಎರಡು ದಿನ ಮೇಷ್ಟ್ರ ಹತ್ತಿರ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾಗಲೇ ಇಲ್ಲ ಅನ್ನೋದು ಇನ್ನೂ ದೊಡ್ಡ ಅವಮಾನ.

ಆ ಜಗಳದಿಂದ ಒಂದು ಒಳ್ಳೇದೂ ಆಯಿತು. ಪುಸ್ತಕವನ್ನು ಮತ್ತೆ ಮತ್ತೆ ತೆಗೆದು ನೋಡುವಾಗ ಗೊತ್ತಾಯಿತು, ನಮ್ಮ ಪೋಸ್ಟರಿನಲ್ಲಿ ಕಥೆ ಬರೆದವರ ಹೆಸರಿದೆ, ಚಿತ್ರ ಬರೆದವರ ಹೆಸರೇ ಇಲ್ಲ. ಆ ಎರಡು ಪುಟ ಪೂರಾ ಅವರದೇ! ಪುಸ್ತಕ ಮುಕ್ತ ಪರವಾನಗಿಯದು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟು ಶುರು ಮಾಡಿದ ಮೇಲೆ ಕನ್ನಡದಲ್ಲೂ ಇಂಥ ಪುಸ್ತಕ ಧಾರಾಳವಾಗಿ ಸಿಗ್ತವೆ. ಯಾರು ಬೇಕಾದರೂ ಅನುವಾದ ಮಾಡಬಹುದು, ನಾಟಕ ಮಾಡಬಹುದು, ಟಿಕೆಟ್ಟೂ ಇಡಬಹುದು. ಕೇಳೋದು ಒಂದೇ, ಬರೆದವರ, ಚಿತ್ರಿಸಿದವರ ಹೆಸರು ಹಾಕಿ ಅಂತ. ಆ ಒಂದನ್ನೇ ಬಿಟ್ಟಿದ್ದೆವು. ಹೊಸ ಪೋಸ್ಟರ್ ಆಯಿತು. ‘ಮ್ಯೂಸಿಕಲ್’ ಮಾತ್ರ ಹಾಗೇ ಉಳಿಯಿತು.

ಪ್ರದರ್ಶನ ಕೆ.ಎಚ್. ಕಲಾಸೌಧದಲ್ಲಿ, ಭಾನುವಾರ ಎರಡು ಆಟ, ಮೂರೂವರೆಗೆ ಒಂದು, ಆರೂವರೆಗೆ ಒಂದು. ಟಿಕೆಟ್ 100 ರೂಪಾಯಿ. ಮಧ್ಯಾಹ್ನವೇ ಮೋಡ ಕವಿದಿತ್ತು. ಗ್ರೀನ್ ರೂಮಿನಲ್ಲಿ ಸೊಪ್ಪಿನಜ್ಜಿಗೆ ಬಿಳಿ ಕೂದಲು ಹಚ್ಚೋ ಹೊತ್ತಿಗೆ ಮಳೆ ಶುರುವಾಯಿತು. ಮೇ ತಿಂಗಳ ಮಳೆ ನಿಮಗೆ ಗೊತ್ತಲ್ಲ, ರಸ್ತೆ ಹೊಳೆಯಾಗೋದಕ್ಕೆ ಹತ್ತು ನಿಮಿಷ ಸಾಕು. ಜನ ಕೊಡೆ ಕೊಡವಿಕೊಂಡು ಬಂದರು. ಮೂರನೇ ಬೆಲ್ ಆಯಿತು.

ಮೊದಲ ಹನ್ನೊಂದು ಪುಟ ಗಾಡಿ ಓಡಿತು. ಆಟೋ ಹಾರನ್ನಿಗೆ ನಗು, ಪೊಲೀಸು ಎಮ್ಮೆಯ ಲೈಸೆನ್ಸ್ ಕೇಳಿದಾಗ ಚಪ್ಪಾಳೆ. ತೆರೆ ಇಳಿಯಿತು. ಲೈಟ್ ಆರಿತು. ಎಮ್ಮೆಯ ಮೇಲೆ ಒಂದು ಬೆಳಕು.

ನಾನು ತಿದಿಯ ಕೊಂಡಿ ಹಾಕಿ ಕೈ ಕಟ್ಟಿ ಕೂತು ಎಣಿಸತೊಡಗಿದೆ. ಹತ್ತು. ಇಪ್ಪತ್ತು. ಮಳೆ ಸದ್ದು ಬಿಟ್ಟರೆ ಏನೂ ಇಲ್ಲ. ನಲವತ್ತು. ಈಗ ಹಿಂಗಾಲು ಏಳಬೇಕು. ಏಳಲಿಲ್ಲ. ಐವತ್ತು. ಸಭೆಯಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ಅರವತ್ತೈದು. ಸೈಡ್ ವಿಂಗಿನಲ್ಲಿ ಮೇಷ್ಟ್ರ ಮುಖ ನೋಡಿದೆ, ಅದು ಬೂದಿಯಾಗಿತ್ತು. ನನ್ನ ಕೈ ತಾನಾಗಿ ಕೊಂಡಿ ಬಿಚ್ಚಿತು. ಶಿವರಂಜಿನಿ ಬೆರಳ ತುದಿಗೇ ಇತ್ತು, ಮಕ್ಕಳಿಗೂ ಹಾಡು ಬಾಯಿಪಾಠ, ಒಂದು ಸ್ವರ ಹಿಡಿದರೆ ಸಾಕು ಎಲ್ಲರೂ ಎತ್ತಿಕೊಳ್ಳುತ್ತಿದ್ದರು. ಮೇಷ್ಟ್ರು ಅಲ್ಲಿಂದಲೇ ಎರಡೂ ಕೈ ಎತ್ತಿ ಬೇಡ, ಬೇಡ ಅಂದರು.

ಆಗ ಆಟೋ ಡ್ರೈವರ್ ಕದಲಿದಳು. ಮೂರನೇ ಕ್ಲಾಸಿನ ಹುಡುಗಿ, ಮನೆಯಲ್ಲಿ ತಮಿಳು, ಶಿಬಿರಕ್ಕೆ ಬಂದಾಗ ಕನ್ನಡದಲ್ಲಿ ನಾಲ್ಕು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಅಲ್ಲಿಯವರೆಗೂ ಬಾಯಲ್ಲೇ ಸಣ್ಣಗೆ ‘ಟುರ್ರ್’ ಅನ್ನುತ್ತಾ ಆಟೋ ಹಿಡಿದು ನಿಂತಿದ್ದಳು ಅನ್ನೋದೇ ನನಗೆ ಗೊತ್ತಿರಲಿಲ್ಲ. ಅದು ನಿಂತಾಗ ಗೊತ್ತಾಯಿತು. ಇಂಜಿನ್ ಆಫ್ ಮಾಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಎಮ್ಮೆಯ ಪಕ್ಕ ಬಂದು ಕೂತಳು. ಸುಮ್ಮನೆ. ಆಮೇಲೆ ಸೊಪ್ಪಿನಜ್ಜಿ ಬಂದು ಕೂತಳು. ಬಸ್ ಕಂಡಕ್ಟರು. ಬ್ಯಾಂಡಿನವರು ತಮಟೆ ನೆಲಕ್ಕಿಟ್ಟು ಕೂತರು. ಕೊನೆಗೆ ಪೊಲೀಸು, ಟೋಪಿ ತೆಗೆದು. ಹದಿನೈದಿಪ್ಪತ್ತು ಮಕ್ಕಳು ಎಮ್ಮೆಯ ಸುತ್ತ ಕೂತು ಮಳೆ ಕೇಳಿದರು. ಯಾರೂ ಹೇಳಿಕೊಟ್ಟಿದ್ದಲ್ಲ. ನಾನು ಎಣಿಸೋದನ್ನು ಮರೆತೆ.

ಆಮೇಲೆ ಎಮ್ಮೆಯ ಹಿಂಭಾಗ ಒಂದು ಸಲ ನಡುಗಿ, ಸೊಟ್ಟಗೆ ಮೇಲೆ ಬಂತು.

ಆಟ ಮುಗಿದ ಮೇಲೆ ವಿಚಾರಣೆ. ಹಿಂಗಾಲಿನ ಹುಡುಗ ಬೆವರಿನಲ್ಲಿ ತೊಯ್ದು ನಿಂತಿದ್ದ. “ಸರ್, ಕಾಲು ಜೋಮು ಹಿಡೀತು. ಏಳಕ್ಕೇ ಆಗಲಿಲ್ಲ” ಅಂದ. ಎಮ್ಮೆಯ ಹಿಂಗಾಲಿಗೆ ಕಾಲು ಜೋಮು! ಮೇಷ್ಟ್ರು ಅವನ ಮುಂದೆ ಮಂಡಿಯೂರಿ ಕೂತು ಕಾಲು ತಿಕ್ಕಿದರು. ಆಟೋ ಡ್ರೈವರನ್ನು ಕೇಳಿದರೆ ಆಕೆಯ ಉತ್ತರ ಇನ್ನೂ ಚಿಕ್ಕದು: “ಪೆಟ್ರೋಲ್ ವೇಸ್ಟ್ ಸರ್.”

ಆರೂವರೆಯ ಆಟಕ್ಕೆ ಮೇಷ್ಟ್ರು ಎಲ್ಲರೂ ಕೂರೋದನ್ನು ಹಾಗೇ ಇಟ್ಟುಕೊಂಡರು. ಚಿತ್ರಾನ್ನ ತಿಂದು ಕೈ ತೊಳೆಯುತ್ತಿದ್ದ ಮಕ್ಕಳು ನಲ್ಲಿಯ ಹತ್ತಿರ ನನ್ನ ಕೆರೆ ಹಾಡನ್ನು ಹೇಳುತ್ತಿದ್ದರು. ಮೇಷ್ಟ್ರು ಅದೇ ದಾರಿಯಲ್ಲಿ ಹೋದರು, ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಎರಡನೇ ಆಟದ ಹೊತ್ತಿಗೆ ಮಳೆ ನಿಂತಿತ್ತು, ಕೂರೋದಕ್ಕೆ ಜಾಗ ಇರಲಿಲ್ಲ. ಕಣ್ಣಿನ ಪುಟ ಬಂತು. ಆಟೋ ನಿಂತಿತು, ಅಜ್ಜಿ ಕೂತಳು, ಪೊಲೀಸು ಟೋಪಿ ತೆಗೆದ. ಈ ಸಲ ನಿಜವಾದ ಮೌನ. ಹಿಂಗಾಲು ಸರಿಯಾಗಿ ಲೆಕ್ಕ ಹಿಡಿದು, ಗುಟ್ಟಹಳ್ಳಿಯ ಎಮ್ಮೆ ಎದ್ದ ಹಾಗೇ, ಮೆಲ್ಲಗೆ, ಭಾರವಾಗಿ ಮೇಲೆ ಬಂತು. ಮುಂದಿನ ಮಂಡಿ ಇನ್ನೂ ನೆಲದ ಮೇಲಿತ್ತು.

ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತು, ಅತ್ತೆ, ಮಾವ, ನಾದಿನಿ ಕೂತಿದ್ದ ಇಡೀ ಸಾಲಿಗೆ ಬೆರಳು ಮಾಡಿ ತೋರಿಸುತ್ತಾ ಕೂಗಿದರು:

“ಅದು! ಹಿಂದಿನದು! ಅದು ನಮ್ಮವನು!”